ಕಿಡ್ನಿಗೆ ಸರಿಸಮನಾದ ಉಡುಗೊರೆ

ಕಾದ ಕಬ್ಬಿಣದ ಅಚ್ಚಿನಿಂದ ಹಾಳೆಯಂಥ ತೆಳುರೊಟ್ಟಿಯನ್ನು ಎಬ್ಬಿಸಿ, ಅಕ್ಕ ಒಂದೊಂದೇ ಬಿಲ್ಲೆಯನ್ನು ಒತ್ತಿ ಕತ್ತರಿಸುತ್ತಿದ್ದಳು. ಮರುದಿನ ಭಾನುವಾರದ ಬಲಿಪೂಜೆಯಲ್ಲಿ ಪ್ರಸಾದವಾಗಿ ಹಂಚಲು ಚರ್ಚಿಗೆ ಹೋಗಬೇಕಾದ ಬಿಲ್ಲೆಗಳು. ಬರೀ ಗೋಧಿ ಹಿಟ್ಟು, ನೀರು, ಉಪ್ಪೂ ಇಲ್ಲ. ಆದರೂ ಉಳಿದ ಅಂಚಿನ ಚೂರುಗಳನ್ನು ಕುರುಕುರು ಮೆಲ್ಲುತ್ತ ಗಂಡ ಪಕ್ಕದಲ್ಲೇ ಠಿಕಾಣಿ ಹೂಡಿದ್ದ.

"ತಂಗಿಗೆ ಉತ್ತರ ಬರೆದ್ಯೇನೇ?"

"ಬರೀತೀನ್ರೀ."

"ಹೋದ ತಿಂಗಳೂ ಇದೇ ಅಂದೆ. ಪಾಪ, ಆ ಮದುಮಗನ ತಲೇಲಿ ಇರೋದೇ ನಾಲ್ಕು ಕೂದಲು. ನೀನು ಹೂಂ ಅನ್ನೋದ್ರೊಳಗೆ ಅವೂ ಉದುರಿ ಹೋಗ್ತವೆ."

ದೂರದ ಊರಿನಲ್ಲಿ ಹೊಲಿಗೆ ಕಲಿಸಿಕೊಂಡು ಒಂಟಿಯಾಗಿದ್ದ ತಂಗಿಗೆ ತಲೆ ನರೆತ ಮೇಲೆ ಮದುವೆ ಕೂಡಿಬಂದಿತ್ತು. 'ಸಾಕ್ಷಿಯಾಗಿ ನನ್ನ ಪಕ್ಕ ನೀನೇ ನಿಲ್ಲಬೇಕು. ನೀನು ಒಪ್ಪಿದ ಮೇಲೇ ದಿನ ಗೊತ್ತು ಮಾಡೋದು. ಫೋನಲ್ಲಾದ್ರೆ ಮಾತು ತಪ್ಪಿಸ್ತೀಯ, ಬರೆದು ಕಳಿಸು' ಎಂದು ಕಾಗದ ಹಾಕಿದ್ದಳು.

ಅಕ್ಕನಿಗೆ ಹೋಗುವ ಆಸೆಗೇನೂ ಕೊರತೆಯಿರಲಿಲ್ಲ. ಹೋಗಲು ಮುಖವಿರಲಿಲ್ಲ. ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟಾಗ, ತಂಗಿ ಯಾರನ್ನೂ ಕೇಳದೆ ಆಸ್ಪತ್ರೆಗೆ ಬಂದು ತನ್ನದೊಂದನ್ನು ಕೊಟ್ಟುಬಿಟ್ಟಿದ್ದಳು. ಎಚ್ಚರವಾದ ಮೇಲೆ "ಚಿಕ್ಕವಳಿದ್ದಾಗ ನಿನ್ನ ಪೆನ್ಸಿಲ್ ಕದ್ದಿದ್ದೆ ಕಣೇ, ಸರಿಹೋಯ್ತು ಬಿಡು" ಎಂದು ನಕ್ಕಿದ್ದಳು. ಅಂದಿನಿಂದ ಅಕ್ಕ ತನ್ನ ಮೈಯನ್ನು ಎರವಲು ತಂದ ಗಾಜಿನ ಪಾತ್ರೆಯಂತೆ ಜೋಪಾನ ಮಾಡುತ್ತಿದ್ದಳು; ಗಟ್ಟಿಯಾಗಿ ನಗುವುದಕ್ಕೂ ಹೆದರಿಕೆ. ಈಗ ಮದುವೆಗೆ ಏನು ಒಯ್ಯುವುದು? ಉಣ್ಣೆಯ ಹೊದಿಕೆ ಹೆಣೆದಳು, ಸಾಲದೆನಿಸಿ ಬಿಚ್ಚಿದಳು. ಮತ್ತೆ ಹೆಣೆದಳು, ಮತ್ತೆ ಬಿಚ್ಚಿದಳು.

"ಕಿಡ್ನಿಗೆ ಸರಿಸಮನಾದ ಉಡುಗೊರೆ ಯಾವ ಅಂಗಡೀಲಿ ಸಿಗುತ್ತೆ, ನೀವೇ ಹೇಳಿ."

"ಕಸಾಯಿ ಅಂಗಡೀಲಿ ಕೇಳ್ನೋಡು," ಎಂದ ಗಂಡ ಇನ್ನೊಂದು ಚೂರಿಗೆ ಕೈಹಾಕಿದ. ಅಕ್ಕ ಆ ಕೈಗೆ ಪಟ್ಟನೆ ಒಂದು ಕೊಟ್ಟಳು.

ಮರುದಿನ ಚರ್ಚಿನಲ್ಲಿ ಪರಮಪ್ರಸಾದದ ಸಾಲು ಮೆಲ್ಲಗೆ ಸರಿಯುತ್ತಿತ್ತು. ಅಕ್ಕನ ಮುಂದೆ ಬಡಗಿ. ಯಾರಿಂದಲೂ ಒಂದು ಮೊಳೆಯನ್ನೂ ಪುಕ್ಕಟೆ ಪಡೆಯದ ಮನುಷ್ಯ. ವಯಸ್ಸಾದ ಮೇಲೆ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಿ, ಅಂದೇ ಮೊದಲ ಸಲ ಪ್ರಸಾದಕ್ಕೆ ಬಂದಿದ್ದ. ಕಾಣಿಕೆ ತಟ್ಟೆಗೆ ಹಾಕಬೇಕಿದ್ದ ನಾಣ್ಯ ಗಾಬರಿಯಲ್ಲಿ ಮುಷ್ಟಿಯಲ್ಲೇ ಉಳಿದಿತ್ತು. ಗುರುಗಳು "ಕ್ರಿಸ್ತರ ಶರೀರ" ಎಂದು ಬಿಲ್ಲೆ ಎತ್ತಿ ಹಿಡಿದರೆ, ಬಡಗಿ ಅಂಗೈ ಬಿಡಿಸಿ ನಾಣ್ಯವನ್ನೇ ಅವರ ಮುಂದೆ ಚಾಚಿದ.

ಗುರುಗಳು ತಬ್ಬಿಬ್ಬಾದರು. ಬಿಲ್ಲೆ ಇಡಲು ಜಾಗವೇ ಇಲ್ಲ.

"ಅಣ್ಣಾ, ಕೈ ಖಾಲಿ ಮಾಡ್ಕೊಳ್ಳಿ," ಎಂದು ಪಿಸುಗುಟ್ಟಿದರು.

"ಸುಮ್ನೆ ಹೇಗೆ ತಗೊಳ್ಳೋದು ಸ್ವಾಮೀ? ಏನಾದ್ರೂ ಇಟ್ಕೊಳ್ಳಿ."

"ಇದರ ಬೆಲೇನ ಯೇಸುಸ್ವಾಮಿ ಶಿಲುಬೆ ಮೇಲೆ ತಮ್ಮ ಪ್ರಾಣಾನೇ ಕೊಟ್ಟು ತೀರಿಸಿದ್ದಾರೆ. ನಮಗೆ ಕೊಡೋಕೆ ಏನೂ ಉಳಿಸಿಲ್ಲ. ತಗೋಬೇಕು, ಅಷ್ಟೇ."

"ಚಿಲ್ಲರೇನೂ ಬೇಡ್ವಾ?"

ಅಕ್ಕನಿಗೆ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ನುಗ್ಗಿತು. ಮುಂದಿನ ಬೆಂಚುಗಳಲ್ಲಿ ಕುಳಿತವರು ತಲೆಯೆತ್ತಿ ನೋಡಿದರು. ನಗುತ್ತ ನಗುತ್ತಲೇ ಅವಳಿಗೆ ಹೊಳೆಯಿತು. ವಾರವಾರವೂ ಈ ಬಿಲ್ಲೆಗಳನ್ನು ಕತ್ತರಿಸಿ ಕಳಿಸಿದವಳು ತಾನು, ಕೈಚಾಚಿ ಪಡೆದವಳೂ ತಾನೇ. ತಂಗಿಯ ಮುಂದೆ ಮಾತ್ರ ಇಷ್ಟು ವರ್ಷ ಈ ಬಡಗಿಯ ಹಾಗೆ ನಿಂತುಬಿಟ್ಟೆನಲ್ಲ! ಅವಳು ಕೊಟ್ಟ ಜೀವ ಇದು. ಅವಳ ಮದುವೆಯಲ್ಲಿ ನಕ್ಕು ನಲಿಯದೆ ಇನ್ಯಾವ ದಿನಕ್ಕೆಂದು ಕೂಡಿಡಲಿ?

ಬಡಗಿ ನಾಣ್ಯವನ್ನು ಜೇಬಿಗೆ ಸೇರಿಸಿ, ಪ್ರಸಾದ ಪಡೆದು, ಕಣ್ತುಂಬಿಕೊಂಡು ಪಕ್ಕಕ್ಕೆ ಸರಿದ. ಅಕ್ಕ ಮುಂದೆ ಬಂದು ಕೈಚಾಚಿದಳು. "ಆಮೆನ್" ಎಂದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬರೆಯಲು ಕುಳಿತಳು.

'ತಂಗೀ, ಬರ್ತೀನಿ. ದಿನ ಗೊತ್ತು ಮಾಡು. ನೀನು ಕೊಟ್ಟಿದ್ದನ್ನ ಇವತ್ತು ತಗೊಂಡೆ ಕಣೇ. ಉಡುಗೊರೆ ತರಲ್ಲ, ಹೊಟ್ಟೆ ತುಂಬ ನಕ್ಕು ಹೋಗ್ತೀನಿ. ನಿನ್ನ ಅಕ್ಕ.'

ಗಂಡ ಹೆಗಲ ಮೇಲಿಂದ ಬಗ್ಗಿ ಓದಿದ. "ಇಷ್ಟು ಬರೆಯೋಕಾ ಇಷ್ಟು ದಿನ?"

"ಹೂಂ. ಅಂಚೆಚೀಟಿ ಎಲ್ಲಿಟ್ರಿ?"

ಇಬ್ಬರೂ ಬೀದಿಯ ತಿರುವಿನ ಅಂಚೆ ಡಬ್ಬಿಯವರೆಗೆ ನಡೆದರು. ಅಕ್ಕ ಕಾಗದವನ್ನು ಸೀಳಿನೊಳಗೆ ಅರ್ಧ ತೂರಿಸಿ ಹಾಗೇ ಹಿಡಿದುಕೊಂಡಳು.

"ಯಾಕೇ?"

"ಏನಿಲ್ಲ, ಕೈ ಖಾಲಿ ಮಾಡ್ಕೋತಿದೀನಿ," ಎಂದು ಅಕ್ಕ ಬೆರಳು ಸಡಿಲಿಸಿದಳು.