ಗಿಡ್ಡ ಬಾಗಿಲು

ನಮ್ಮ ಆಫೀಸಿನಲ್ಲಿ ನನಗೆ ಸಂಬಳ ಕೊಡುವುದು ನನ್ನ ಮುಖಕ್ಕೆ. ಹಾಗೆಂದರೆ ಜನ ಒಮ್ಮೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಈ ಮುಖಕ್ಕಾ ಎನ್ನುವಂತೆ ಹುಬ್ಬೇರಿಸುತ್ತಾರೆ. ಹೌದು ಸ್ವಾಮಿ, ಇದೇ ಮುಖಕ್ಕೆ. ವಿಡಿಯೋ ಗೇಮ್ ಮಾಡುವವರು ಅದನ್ನು ಅಂಗಡಿಗೆ ಬಿಡುವ ಮೊದಲು ನಮ್ಮಲ್ಲಿಗೆ ಕಳಿಸುತ್ತಾರೆ. ಒಬ್ಬರು ಆಡಬೇಕು, ಇನ್ನೊಬ್ಬರು ಗಾಜಿನ ಆಚೆ ಕೂತು ಆಡುವವರನ್ನು ನೋಡಬೇಕು. ಎಲ್ಲಿ ಬೆಚ್ಚಿದರು, ಎಲ್ಲಿ ಆಕಳಿಸಿದರು, ಎಲ್ಲಿ ಉಸಿರು ಹಿಡಿದರು ಎಂದು ಬರೆದುಕೊಳ್ಳಬೇಕು. ಬಾಯಿಬಿಟ್ಟು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂದುಬಿಡುತ್ತಾರೆ, ಮುಖಕ್ಕೆ ಆ ದಾಕ್ಷಿಣ್ಯ ಇರುವುದಿಲ್ಲ ಎನ್ನುವುದು ನಮ್ಮ ಯಜಮಾನರ ಸಿದ್ಧಾಂತ.

ನನ್ನ ಮುಖದ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಹೆದರಿಕೆ, ಬೇಜಾರು, ಹೊಟ್ಟೆಕಿಚ್ಚು ಎಲ್ಲವನ್ನೂ ಊರಿಗೆಲ್ಲ ಸಾರುತ್ತಿತ್ತು. ಅದಕ್ಕೇ ಆಫೀಸಿನಲ್ಲಿ ನನ್ನ ಹೆಸರು ಕನ್ನಡಿ. ಗಾಜಿನ ಆಚೆ ಕೂತು ನನ್ನನ್ನು ನೋಡುವವಳು ಏಣಿ. ಅವಳ ಎತ್ತರ ನೋಡಿದವರು ಆ ಹೆಸರಿಗೆ ಕಾರಣ ಕೇಳುವುದಿಲ್ಲ. ಇಷ್ಟು ವರ್ಷ ನನ್ನ ಮುಖ ಓದಿ ಓದಿ, ನನಗೆ ತಲೆನೋವು ಬರುವ ಮೊದಲೇ ಅವಳು ಮಾತ್ರೆ ತೆಗೆದಿಡುತ್ತಾಳೆ.

ಅಕ್ಕ ತೀರಿಕೊಂಡ ಮೇಲೆ ಕನ್ನಡಿಗೆ ಏನೋ ಆಯಿತು.

ಅಕ್ಕ ನನ್ನನ್ನು ಸಾಕಿದವಳು. ಮದುವೆಯಾದಾಗ ಸೀರೆ ಪೆಟ್ಟಿಗೆಯ ಜೊತೆ ನನ್ನನ್ನೂ ಕರೆದುಕೊಂಡು ಹೋದಳು, ಭಾವ ಎರಡನ್ನೂ ಒಂದೇ ನಗೆಯಲ್ಲಿ ಒಳಗೆ ಬಿಟ್ಟುಕೊಂಡರು. ಒಂದು ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ. ಆಮೇಲೆ ಆಗಬೇಕಾದ್ದನ್ನೆಲ್ಲ ನಾನೇ ನಿಂತು ಮಾಡಿಸಿದೆ. ನೋಡಿದವರು ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಇದ್ದೆ. ಯಾರಾದರೂ ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ. ಅಳು ಬರಲಿಲ್ಲ. ಕೆಲಸಕ್ಕೆ ಮರಳಿದೆ. ಮುಖ ಮರಳಲಿಲ್ಲ.

ಆ ದಿನ ಬೆಳಿಗ್ಗೆ ನಾನು ಬರುತ್ತಿದ್ದಂತೆ ಏಣಿ ನನ್ನ ಹಣೆಯ ಊತ ನೋಡಿದಳು.

"ಇದೇನೇ ಬೋರೆಕಾಯಿ?"

"ಬಾಗಿಲು."

"ಮತ್ತೆ ಅದೇ ಬಾಗಿಲಾ?"

"ಅದೇ."

ನಮ್ಮ ಮನೆಯ ಅಡುಗೆಮನೆ ಮೆಟ್ಟಿಲ ಕೆಳಗಿದೆ. ಕಟ್ಟಿದ ಪುಣ್ಯಾತ್ಮ ಜಾಗ ಉಳಿಸಲು ಹೋಗಿ ಬಾಗಿಲನ್ನು ಗಿಡ್ಡ ಮಾಡಿದ್ದಾನೆ. ಯಾರು ಒಳಗೆ ಹೊರಟರೂ ಅಕ್ಕ ಒಲೆಯ ಕಡೆಯಿಂದ ತಿರುಗದೆಯೇ "ತಲೆ!" ಎನ್ನುತ್ತಿದ್ದಳು. ಸಿಲಿಂಡರ್ ತರುವವನಿಗೆ, ನೆಂಟರಿಗೆ, ಟೀ ಕುಡಿಯಲು ಬರುತ್ತಿದ್ದ ಏಣಿಗೆ, ನನಗೆ. ಭಾವನ ಎತ್ತರ ಅಷ್ಟಕ್ಕಷ್ಟೆ, ಅವರು ಟೋಪಿ ಹಾಕಿಕೊಂಡು ಹೋದರೂ ಬಾಗಿಲಿಗೆ ತಾಗುವುದಿಲ್ಲ. ಅವರಿಗೂ ಹೇಳುತ್ತಿದ್ದಳು, ಅವರೂ ಬಗ್ಗುತ್ತಿದ್ದರು. "ಚಿಕ್ಕಂದಿನಿಂದ ಇಲ್ಲೇ ಇದೀನಿ, ನನಗೆ ಗೊತ್ತಿಲ್ವಾ?" ಎಂದು ನಾನು ರೇಗುತ್ತಿದ್ದೆ. ಗೊತ್ತಿರಲಿಲ್ಲ ಎಂದು ಈಗ ಗೊತ್ತಾಗಿದೆ. ನಾನು ಬಗ್ಗುತ್ತಿದ್ದುದು ಬಾಗಿಲಿಗಲ್ಲ, ಅವಳ ದನಿಗೆ.

"ನೋವಿಲ್ವಾ?" ಏಣಿ ಕೇಳಿದಳು.

"ಇಲ್ಲ."

"ಸುಳ್ಳು."

"ಮುಖ ನೋಡಿ ಹೇಳು."

ಅವಳು ನೋಡಿದಳು. ಪೆನ್ನು ಎತ್ತಿಕೊಂಡು ಗಾಜಿನ ಆಚೆ ಹೋದಳು.

ಅಷ್ಟರಲ್ಲಿ ಯಜಮಾನರು ಬಂದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸುತ್ತಾರೆ. ಅವತ್ತು ಬಾಗಿಲಿನಿಂದಲೇ ಒರೆಸುತ್ತ ಬಂದರು.

"ನೋಡಿ ಕನ್ನಡಿ, ಹಿಂದಿನ ಎರಡೂ ಗೇಮಿಗೆ ಏಣಿ ಖಾಲಿ ಹಾಳೆ ಕೊಟ್ಟಿದ್ದಾಳೆ. ನಿಮ್ಮ ಮುಖದಲ್ಲಿ ಏನೂ ಇಲ್ಲ ಅಂದ್ರೆ ಗೇಮಲ್ಲೂ ಏನೂ ಇಲ್ಲ ಅಂತಾನೇ ನಾವು ಬರೆದು ಕಳಿಸ್ಬೇಕು. ಪಾಪ, ಒಬ್ರು ಅವರ ಗೇಮನ್ನೇ ನಿಲ್ಲಿಸಿಬಿಟ್ರು. ಇವತ್ತೂ ಹಾಗೇ ಆದ್ರೆ ಕುರ್ಚಿ ಬೇರೆಯವರಿಗೆ ಕೊಡ್ಬೇಕಾಗುತ್ತೆ. ನೀವು ಸ್ವಲ್ಪ ದಿನ ಆಫೀಸಿಗೆ ಬರೋ ಫೋನ್ ನೋಡ್ಕೊಳ್ಳಿ."

"ಆಯ್ತು ಸರ್."

ಈ ಕುರ್ಚಿ ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಹೆದರಬೇಕಾಗಿತ್ತು. ಹೆದರಿಕೆ ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಬೆಚ್ಚಿಬೀಳುವುದನ್ನು ಅಭ್ಯಾಸ ಕೂಡ ಮಾಡಿದ್ದೆ. ಆಕಳಿಕೆ ತಡೆಯಲು ಒದ್ದಾಡುವವಳ ಹಾಗೆ ಕಂಡಿತು. ಬಿಟ್ಟುಬಿಟ್ಟೆ.

ಗೇಮ್ ಒಂದು ಪಾಳು ನಗರದ್ದು. ಸಾವಿರಾರು ವರ್ಷ ಮರಳಿನಡಿ ಹೂತುಹೋಗಿದ್ದ ಊರು. ಅದರೊಳಗೆ ಹಗ್ಗ, ಪಂಜು ಹಿಡಿದು ಇಳಿಯುವ ಒಬ್ಬ ಹುಡುಗಿ. ಅವಳನ್ನು ನಡೆಸುವುದು ನನ್ನ ಕೆಲಸ. ದಾರಿ ತೋರಿಸಲು ಲಾಂದ್ರ ಹಿಡಿದ ಒಬ್ಬ ಮುದುಕಿ ಮುಂದೆ ಮುಂದೆ ಹೋಗುತ್ತಾಳೆ. ಕೆಲಸ ಚೆನ್ನಾಗಿ ಮಾಡಿದ್ದರು, ಸುಳ್ಳು ಹೇಳಬಾರದು. ಗೋಡೆಯ ಗಾರೆ ಉದುರಿದ ಕಡೆ ಕೆಳಗಿನ ಕಲ್ಲು ಕಾಣುತ್ತಿತ್ತು. ಪಂಜು ಎತ್ತಿದರೆ ಚಾವಣಿಯ ಬಾವಲಿಗಳು ಕದಲುತ್ತಿದ್ದವು. ಸೇತುವೆ ಕಾಲಡಿಯಲ್ಲೇ ಕುಸಿಯಿತು, ಕಂಬದಷ್ಟು ದಪ್ಪದ ಹಲ್ಲಿಯೊಂದು ಕತ್ತಲಿನಿಂದ ನುಗ್ಗಿತು, ಕಲ್ಲಿನ ಕಾವಲುಗಾರರು ಕಣ್ಣು ಬಿಟ್ಟು ಕತ್ತಿ ಎತ್ತಿದರು. ಎಲ್ಲದರಿಂದಲೂ ತಪ್ಪಿಸಿಕೊಂಡೆ. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಒಳಗೆ ಮಾತ್ರ ಗೋರ್ಕಲ್ಲ ಮೇಲೆ ಮಳೆಗರೆದಂತೆ. ಹಲ್ಲಿ ನುಗ್ಗಿದಾಗ, ಇದಕ್ಕೆ ಊಟ ಯಾರು ಹಾಕುತ್ತಾರೆ ಎಂದು ಯೋಚಿಸಿದೆ.

ಆ ನಗರದಲ್ಲಿ ಬಾಗಿಲುಗಳೆಲ್ಲ ಗಿಡ್ಡ. ಪ್ರತಿ ಬಾಗಿಲಲ್ಲೂ ಮುದುಕಿ ತಿರುಗದೆಯೇ ಒಂದು ಮಾತು ಹೇಳುತ್ತಿದ್ದಳು.

"ತಲೆ ಜೋಪಾನ."

ಹುಡುಗಿ ಬಗ್ಗುತ್ತಿದ್ದಳು. ಗೇಮ್ ಮಾಡಿದವರು ನಮ್ಮನ್ನು ಕೇಳಿದ್ದ ಮುಖ್ಯ ಪ್ರಶ್ನೆಯೇ ಈ ಮಾತಿನ ಬಗ್ಗೆ. ಮೊದಲರ್ಧ ಆಡಿದ್ದ ಬೇರೆ ಪರೀಕ್ಷಕರೆಲ್ಲ ಮುದುಕಿಯ ಮೇಲೆ ದೂರು ಕೊಟ್ಟಿದ್ದರಂತೆ. ಹೇಳಿದ್ದನ್ನೇ ಹೇಳಿ ತಲೆ ತಿನ್ನುತ್ತಾಳೆ, ಬಾಯಿ ಮುಚ್ಚಿಸಿ ಎಂದು. ಮುಚ್ಚಿಸಬೇಕೋ ಬೇಡವೋ? ನನಗೆ ಆ ಮಾತು ಹಿತವೂ ಆಗಲಿಲ್ಲ, ಅಹಿತವೂ ಆಗಲಿಲ್ಲ.

ನಡುವೆ ಟೀ ಕುಡಿಯಲು ಎದ್ದಾಗ ಏಣಿ ಪಿಸುಗುಟ್ಟಿದಳು. "ಮುಖ ಎಮ್ಮೆ ಥರ ಇದೆ. ಆದ್ರೆ ನೀನು ಬಗ್ತಾ ಇದೀಯ ಕಣೆ."

"ಎಲ್ಲಿಗೆ?"

"ಕುರ್ಚೀಲೇ. ಆಗಾಗ ತಲೆ ತಗ್ಗಿಸ್ತೀಯ. ನಿನಗೇ ಗೊತ್ತಿಲ್ವಾ?"

ಗೊತ್ತಿರಲಿಲ್ಲ. "ಬರ್ಕೊಂಡ್ಯಾ?" ಎಂದೆ.

"ತಲೆಗೆ ಹಾಳೆಯಲ್ಲಿ ಜಾಗ ಇಲ್ವಲ್ಲೇ. ಕಣ್ಣು, ಹುಬ್ಬು, ಬಾಯಿ, ಅಷ್ಟೆ."

ಟೀ ಮುಗಿದ ಮೇಲೆ ಎರಡನೇ ಅರ್ಧ. ಇದನ್ನು ಹೊರಗಿನವರು ಯಾರೂ ಆಡಿರಲಿಲ್ಲ. ಮೊದಲ ಕೋಣೆಯಲ್ಲೇ ಚಾವಣಿ ಕುಸಿದು ಮುದುಕಿ ಕಲ್ಲುಗಳ ಅಡಿ ಉಳಿದಳು. ಸಂಗೀತ ಬಂತು, ಲಾಂದ್ರ ಆರಿತು. ಇಲ್ಲಿ ಆಡುವವರು ಅಳಬೇಕು ಎನ್ನುವುದು ಅವರ ಲೆಕ್ಕ. ಗಾಜಿನ ಆಚೆ ಏಣಿ ಪೆನ್ನು ಹಿಡಿದು ಕಾಯುತ್ತಿದ್ದಳು, ಪಾಪ. ನಾನು ಹುಡುಗಿಯನ್ನು ಎಬ್ಬಿಸಿ ಮುಂದಿನ ಬಾಗಿಲ ಕಡೆ ನಡೆಸಿದೆ.

ಯಾರೂ ಏನೂ ಹೇಳಲಿಲ್ಲ. ಹುಡುಗಿ ನೆಟ್ಟಗೆ ಹೋದಳು. ಠಕ್ ಎಂದು ತಲೆ ಬಾಗಿಲಿಗೆ ಹೊಡೆಯಿತು. ಅವಳಲ್ಲಿ ಪ್ರಾಣ ಎಷ್ಟು ಉಳಿದಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುವ ಕೆಂಪು ಗೆರೆ ಒಂದಿಷ್ಟು ಇಳಿಯಿತು.

ಮುಂದಿನ ಬಾಗಿಲಲ್ಲೂ ಹಾಗೇ ಆಯಿತು. ಅದರ ಮುಂದಿನದರಲ್ಲೂ.

ಏನಾಗಿದೆ ಎಂದು ನನಗೆ ತಕ್ಷಣ ತಿಳಿಯಿತು, ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನಲ್ಲ. ಗೇಮ್ ಬರೆದವರು ಹುಡುಗಿ ಬಗ್ಗುವುದನ್ನು ಬಾಗಿಲಿಗೆ ಕಟ್ಟಿರಲಿಲ್ಲ, ಮುದುಕಿಯ ಮಾತಿಗೆ ಕಟ್ಟಿದ್ದರು. ಮಾತು ಬಂದರೆ ಬಗ್ಗು. ಮುದುಕಿ ಹೋದ ಮೇಲೆ ಮಾತಿಲ್ಲ, ಬಗ್ಗುವುದೂ ಇಲ್ಲ. ಅವಸರದಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಶುದ್ಧ ತಪ್ಪು. ಆದರೂ ನಾನು ಆಟ ನಿಲ್ಲಿಸಲಿಲ್ಲ. ಹುಡುಗಿಯನ್ನು ಹಿಂದಕ್ಕೆ ಕರೆತಂದು, ಅದೇ ಬಾಗಿಲಿಗೆ ಮತ್ತೆ ನಡೆಸಿದೆ. ಠಕ್. ಮತ್ತೆ ನಡೆಸಿದೆ. ಕೊನೆಗೆ ಆ ಪೆಟ್ಟುಗಳಿಂದಲೇ ಅವಳು ಸತ್ತು ಬಿದ್ದಳು. ಹಲ್ಲಿಯಿಂದ, ಕತ್ತಿಯಿಂದ ಉಳಿದವಳು ಬಾಗಿಲಿಗೆ ಹೊಡೆದುಕೊಂಡು ಸತ್ತಳು.

ಏಣಿ ಗಾಜಿನ ಆಚೆಯಿಂದ ಎದ್ದು ಬಂದಳು. "ಕೈ ಇಳಿಸೇ," ಎಂದಳು.

ನನ್ನ ಎಡಗೈ ಹಣೆಯ ಬೋರೆಯ ಮೇಲಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ.

ಯಜಮಾನರ ಕೋಣೆಯಲ್ಲಿ ಏಣಿ ಹಾಳೆ ಕೊಟ್ಟಳು. ಮುಖದ ಜಾಗವೆಲ್ಲ ಖಾಲಿ. ಕೆಳಗೆ, ಬರೆಯಬಾರದ ಕಡೆ, ಸಣ್ಣದಾಗಿ ಬರೆದಿದ್ದಳು: ಮಾತು ಕೇಳಿದಾಗ ತಲೆ ಬಗ್ಗಿತು, ಮಾತು ನಿಂತಾಗ ಕೈ ಹಣೆಗೆ ಹೋಯಿತು. ಯಜಮಾನರು ಓದಿ ಕನ್ನಡಕ ತೆಗೆದರು.

"ಬಾಗಿಲಿನ ತಪ್ಪು ಹಿಡಿದಿದ್ದು ಒಳ್ಳೇದಾಯ್ತು. ಅವರಿಗೆ ಹೇಳ್ತೀನಿ, ಸರಿ ಮಾಡ್ತಾರೆ."

"ಸರಿ ಮಾಡೋದು ಬೇಡ ಸರ್," ಎಂದೆ.

"ಏನು?"

"ಅದು ಹಾಗೇ ಇರ್ಲಿ. ಆ ಮುದುಕಿ ಬಾಯಿನೂ ಮುಚ್ಚಿಸ್ಬೇಡಿ. ಇಡೀ ಗೇಮಲ್ಲಿ ನಿಜ ಇರೋದು ಅದೊಂದೇ."

"ತಪ್ಪು ತಪ್ಪೇ ಕಣಮ್ಮಾ. ದುಡ್ಡು ಕೊಟ್ಟು ತಗೊಂಡವರು ಬಾಗಿಲು ಬಾಗಿಲಿಗೂ ತಲೆ ಹೊಡೆಸ್ಕೋತಾರಾ?"

"ಹೊಡೆಸ್ಕೋತಾರೆ ಸರ್."

ಅವರು ಕನ್ನಡಕ ಒರೆಸುತ್ತಲೇ ಇದ್ದರು. ನಾನು ಹೇಳಿದ್ದನ್ನೂ ಬರೆದು ಕಳಿಸುತ್ತೇನೆ, ಆದರೆ ಗೇಮಿನವರು ಕೇಳುತ್ತಾರೆಂಬ ನಂಬಿಕೆ ಇಲ್ಲ ಅಂದರು. ಆಮೇಲೆ, ನಾಳೆಯಿಂದ ಫೋನ್ ನೋಡಿಕೊಳ್ಳಿ, ಮುಖ ಬಂದಾಗ ಕುರ್ಚಿ ಇದ್ದೇ ಇದೆ ಅಂದರು. ಮುಖ ಎಲ್ಲಿಂದ ಬರಬೇಕು, ಬಸ್ಸಿನಲ್ಲಾ ಎಂದು ಕೇಳಬೇಕೆನಿಸಿತು. ಕುರ್ಚಿಯ ಬೆನ್ನಿಗೆ ಹಾಕಿದ್ದ ನನ್ನ ಶಾಲು ತೆಗೆದುಕೊಂಡು ಹೊರಟೆ.

ಏಣಿ ಕೇಳದೆಯೇ ಜೊತೆಗೆ ಬಂದಳು. ಇನ್ನೂ ಬಿಸಿಲಿತ್ತು, ಅಂಗಡಿಯವನೊಬ್ಬ ಮೆಟ್ಟಿಲಿಗೆ ನೀರು ಚಿಮುಕಿಸುತ್ತಿದ್ದ. ಮನೆಯಲ್ಲಿ ಭಾವ ಮುಂದಿನ ಕೋಣೆಯಲ್ಲಿ ಪೇಪರ್ ಬಿಡಿಸಿಕೊಂಡು ಕೂತಿದ್ದರು. ಅವರು ಅದನ್ನು ಓದುವುದಿಲ್ಲ, ಮಗುಚುತ್ತಾರೆ. "ಬಾಮ್ಮಾ," ಎಂದು ಏಣಿಗೆ ಹೇಳಿ ಮತ್ತೆ ಮಗುಚಿದರು.

"ಟೀ ನಾನು ಮಾಡ್ತೀನಿ, ನೀನು ಕೂತ್ಕೋ," ಎಂದು ಏಣಿ ಅಡುಗೆಮನೆಯ ಕಡೆ ಹೊರಟಳು. ಅಕ್ಕ ಹೋದ ಮೇಲೆ ಅವಳು ಆ ಬಾಗಿಲ ಹತ್ತಿರ ಹೋಗಿರಲಿಲ್ಲ. ಅಷ್ಟುದ್ದ ದೇಹ ನೆಟ್ಟಗೆ ನಡೆದುಹೋಗುತ್ತಿತ್ತು.

"ತಲೆ!" ಎಂದೆ.

ದನಿ ನನ್ನದಾಗಿರಲಿಲ್ಲ. ಅದೇ ಗಡಸು, ಅದೇ ಅವಸರ. ಏಣಿ ಥಟ್ಟನೆ ಬಗ್ಗಿ ಒಳಗೆ ಹೋದಳು. ಮುಂದಿನ ಕೋಣೆಯಲ್ಲಿ ಪೇಪರಿನ ಸದ್ದು ನಿಂತಿತು.

ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತೋರಿಸಲು ನಾನೂ ಅವಳ ಹಿಂದೆಯೇ ಹೋದೆ. ನನಗೆ ಹೇಳುವವರು ಯಾರೂ ಇರಲಿಲ್ಲ. ಬೆಳಗಿನ ಬೋರೆಯ ಮೇಲೆಯೇ ಬಿತ್ತು ಪೆಟ್ಟು. ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತೆ.

ಏಣಿ ಒಲೆ ಬಿಟ್ಟು ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ಹಣೆ ಮುಟ್ಟಲಿಲ್ಲ. ಮುಖ ನೋಡಿದಳು, ಇಷ್ಟು ವರ್ಷ ಗಾಜಿನ ಆಚೆಯಿಂದ ನೋಡಿದ ಹಾಗೆಯೇ, ಕಣ್ಣು, ಹುಬ್ಬು, ಬಾಯಿ. ನೋಡುತ್ತ ನೋಡುತ್ತ ಅವಳ ಕಣ್ಣೇ ತುಂಬಿಕೊಂಡಿತು.

"ನೋವಾಯ್ತಾ?" ಎಂದಳು.

"ಆಯ್ತು," ಎಂದೆ. "ತುಂಬಾ ಆಯ್ತು ಕಣೆ."