ಕೈಗುಣದ ತಪ್ಪಲ್ಲ

ಗಿರಾಕಿಯ ಕೈಯಿಂದ ಕುಂಡವನ್ನು ಮೆಲ್ಲಗೆ ಬಿಡಿಸಿಕೊಂಡು, ತಲೆಕೆಳಗು ಮಾಡಿ, ತಳಕ್ಕೆ ಎರಡು ಏಟು ಕೊಟ್ಟು, ಮಣ್ಣಿನ ಮುದ್ದೆಯ ಸಮೇತ ಗಿಡವನ್ನು ಅಂಗೈಗೆ ಇಳಿಸಿಕೊಂಡು, ಅದರ ಬುಡವನ್ನು ತೋರಿಸಿದ ಮೇಲೆಯೇ ಅವರು ವ್ಯಾಪಾರದ ಮಾತೆತ್ತುತ್ತಿದ್ದರು. ಎತ್ತಿದರೂ ಹತ್ತರಲ್ಲಿ ಆರು ಸಲ "ಇದು ನಿಮಗೆ ಬೇಡ" ಎಂದೇ ಮುಗಿಸುತ್ತಿದ್ದರು. ಹೀಗಾಗಿ ನರ್ಸರಿಯ ಫಲಕದಲ್ಲಿ ಏನೇ ಬರೆದಿರಲಿ, ಊರಿಗೆಲ್ಲ ಅವರು ಬೇಡಪ್ಪನವರು.

ಜೇಬುಗಳ ತುಂಬ ದಾರದುಂಡೆ, ಚೀಟಿ, ಬೀಜದ ಪೊಟ್ಟಣ ತುಂಬಿಕೊಂಡು ಜೋತುಬಿದ್ದ ಕಂದು ಕೋಟು. ನೆಲದಲ್ಲೆಲ್ಲ ಸಸಿಗಳಿವೆಯೇನೋ ಎಂಬಂತೆ, ಬ್ಯಾಂಕಿನ ನುಣ್ಣನೆಯ ಹಾಸಿನ ಮೇಲೂ ನೋಡಿ ನೋಡಿ ಹೆಜ್ಜೆಯಿಡುವ ನಡಿಗೆ. ಮಾತಿಗೆ ಸಿಕ್ಕರೆ ಮಾತ್ರ ತಪ್ಪಿಸಿಕೊಳ್ಳುವುದು ಕಷ್ಟ. ಗೊಬ್ಬರದ ವಿಷಯ ಬಂದರಂತೂ ಕೇಳಿದವರು ಯಾಕಾದರೂ ಕೇಳಿದೆವೋ ಎಂದು ಪರಿತಪಿಸಬೇಕು.

ಇಂಥವರೂ ಒಮ್ಮೆ ಎಡವಿದ್ದು ಫಾಕ್ಸ್‌ಗ್ಲೋವ್ ಗಿಡದಲ್ಲಿ. ನೆಟ್ಟಗೆ ಎದ್ದ ದಂಟಿಗೆ ಗಂಟೆಗಳನ್ನು ಪೋಣಿಸಿದಂತೆ ಹೂ ಬಿಡುವ ಈ ಗಿಡ ಸಾಮಾನ್ಯವಾಗಿ ಎರಡನೆಯ ವರ್ಷ ಅರಳಿ ಸಾಯುತ್ತದೆ. ಆದರೆ ಆ ವಸಂತದಲ್ಲಿ ಬಂದ ಗುಲಾಬಿ ಬಣ್ಣದ ಹೊಸ ತಳಿಯ ಚೀಟಿಯಲ್ಲಿ 'ವರ್ಷ ವರ್ಷವೂ ಬರುತ್ತದೆ' ಎಂದಿತ್ತು. ಬುಡದಲ್ಲಿ ಒಂದೂ ಮರಿ ಮೂಡದಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. ಮರಿಯಿಲ್ಲದ ಗಿಡ ಮರಳುವುದಿಲ್ಲವೆಂಬುದೂ ಗೊತ್ತಿತ್ತು. ಆದರೆ ಕಳಿಸಿದವರು ತಮಗೆ ಕೆಲಸ ಕಲಿಸಿದ ಗುರುಗಳು. ಆ ಗೌರವಕ್ಕೆ ಕಣ್ಣನ್ನು ಬಿಟ್ಟು ಚೀಟಿಯನ್ನು ನಂಬಿದರು. ಹದಿನೇಳು ಮನೆಗಳಿಗೆ ಆ ಗಿಡ ಹೋಯಿತು.

ಮರುವರ್ಷ ಅವರದೇ ಪಾತಿಯಲ್ಲಿ ಗುಲಾಬಿಯ ಜಾಗದಲ್ಲಿ ಕರಿ ಮೋಟು ಮಾತ್ರ ಉಳಿದಿತ್ತು. ಪಕ್ಕದಲ್ಲೇ, ಯಾರೂ ತಿರುಗಿ ನೋಡದ ಹಳೆಯ ಹಳದಿ ಫಾಕ್ಸ್‌ಗ್ಲೋವ್ ಹನ್ನೊಂದನೆಯ ಸಲ ಚಿಗುರಿತ್ತು.

"ಯಾರೂ ದೂರು ಹೇಳಿಲ್ವಲ್ಲಪ್ಪ, ಸುಮ್ನಿದ್ಬಿಡಿ" ಎಂದಳು ಮಗಳು.

"ಹೇಳಿಲ್ಲ ಅನ್ನೋದೇ ನಂಗೆ ಭಯ ಕಣಮ್ಮಾ. ತಪ್ಪು ತಮ್ಮದೇ ಅಂದ್ಕೊಂಡು ಕೂತಿರ್ತಾರೆ."

ಹಳದಿಯ ಬುಡ ಒಡೆದು ಬೆಳೆಸಿದ ಹದಿನೇಳು ಕುಂಡಗಳನ್ನು ಕೈಗಾಡಿಯಲ್ಲಿಟ್ಟುಕೊಂಡು ಅವರು ಮನೆಮನೆಗೆ ಹೊರಟರು. ಕೆಲವರು ನಕ್ಕರು, ಕೆಲವರಿಗೆ ಗಿಡ ತಂದದ್ದೇ ನೆನಪಿರಲಿಲ್ಲ. ಕೊನೆಗೆ ಬಟ್ಟೆ ಹೊಲಿಯುವ ಹೆಂಗಸಿನ ಮನೆ. ಅವರ ಹಿತ್ತಿಲಲ್ಲಿ ಪಾತಿಯೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ಚಪ್ಪಡಿ ಹಾಸಿತ್ತು.

"ನನ್ ಕೈಗುಣಾನೇ ಸರಿಯಿಲ್ಲ ಅಣ್ಣಾ. ವರ್ಷಾ ವರ್ಷ ಬರೋ ಗಿಡಾನೂ ಸಾಯಿಸ್ಬಿಟ್ಟೆ. ಇನ್ನು ಈ ಸಹವಾಸವೇ ಬೇಡ ಅಂತ ಕಲ್ಲು ಹಾಕಿಸ್ಬಿಟ್ಟೆ" ಎಂದರು ಆಕೆ.

ಯಾವ ಬೈಗುಳವೂ ಬೇಡಪ್ಪನವರನ್ನು ಅಷ್ಟು ನೋಯಿಸುತ್ತಿರಲಿಲ್ಲ.

"ಕೈಗುಣ ಅಲ್ಲಮ್ಮಾ. ಅದು ಸಾಯೋ ಗಿಡಾನೇ. ಬರುತ್ತೆ ಅಂತ ಸುಳ್ಳು ಹೇಳಿದ್ದು ನಾನು."

ಆಕೆ ಗಾಡಿಯಲ್ಲಿದ್ದ ಕುಂಡದತ್ತ ಬೆರಳು ತೋರಿಸಿ, "ಇದಾದ್ರೂ ಬರುತ್ತಾ?" ಎಂದರು.

"ಬರುತ್ತೆ. ಬುಡದಲ್ಲಿ ನೀರು ನಿಲ್ಬಾರ್ದು ಅಷ್ಟೆ. ಹೂವು ಸಣ್ಣದು, ಬಣ್ಣ ಮಂಕು. ಗಿಡ ಪೂರ್ತಿ ವಿಷ, ಮುಟ್ಟಿದ್ಮೇಲೆ ಕೈ ತೊಳ್ಕೊಳ್ಳಿ."

ಕೋಟು ಕಳಚಿ, ಹಾರೆ ಕೇಳಿ ಪಡೆದು, ಗೋಡೆಯ ಬದಿಯ ಒಂದು ಚಪ್ಪಡಿಯನ್ನು ತಾವೇ ಮೀಟಿ ಎಬ್ಬಿಸಿ ಮಣ್ಣು ಸಡಿಲಿಸಿದರು. ಗಿಡವನ್ನು ಮಾತ್ರ ಆಕೆಯ ಕೈಗೆ ಕೊಟ್ಟು, "ನೀವೇ ನೆಡಿ" ಎಂದು ಕೈಕಟ್ಟಿ ನಿಂತರು. ಆಕೆಯ ಬೆರಳುಗಳು ಮೊದಲು ಅಳುಕಿದವು, ಆಮೇಲೆ ಮಣ್ಣಿಗಿಳಿದವು.

ಹೊಗಳಿ ಮಾರುವವರು ಬೀದಿಗೊಬ್ಬರಿದ್ದಾರೆ. ಅವರಿಂದಲೇ ಲೋಕಕ್ಕೆ ಬಣ್ಣ ಬಂದಿದೆಯೆಂದರೂ ಒಪ್ಪೋಣ. ಆದರೆ ಕೊಂಡವರು ತುಟಿಪಿಟಕ್ಕೆನ್ನದೆ ಹೊತ್ತುಕೊಂಡ ತಪ್ಪನ್ನು ಹುಡುಕಿಕೊಂಡು ಹೋಗಿ, ಅದು ನನ್ನದು, ಕೊಡಿ ಎಂದು ಇಸಿದುಕೊಂಡು ಬರುವವರು ವಿರಳ. ಅಂಥವರ ಅಂಗಡಿ ದೊಡ್ಡದಾಗುವುದಿಲ್ಲ. ಅವರು ಬಂದು ಹೋದ ಮನೆಯವರು ಮಾತ್ರ ಮತ್ತೆ ಮಣ್ಣಿಗೆ ಕೈಹಾಕಲು ಹೆದರುವುದಿಲ್ಲ.