ಫ್ರಿಜ್ಜಿನಲ್ಲಿಟ್ಟ ಸ್ಕ್ರೀನು

ನಮ್ಮಲ್ಲಿ ಹೊಸಬರಿಗೆ ಗ್ರಾಫಿಕ್ಸ್ ಡ್ರೈವರ್ ಬರೆಯಲು ಕಲಿಸುವವರು ಇಬ್ಬರಿದ್ದೆವು. ಒಬ್ಬಳು ನಾನು. ಇನ್ನೊಬ್ಬರು ಉದ್ಘಾಟಕರು. ಆ ಹೆಸರಿಟ್ಟವರು ನನ್ನ ಗಂಡ. ಮೈಕು ಕಂಡಲ್ಲಿ ನಿಲ್ಲುವ, ಎಲ್ಲವನ್ನೂ ಶುರು ಮಾಡಿ ಯಾವುದನ್ನೂ ಮುಗಿಸದ ಮನುಷ್ಯನಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ.

ನಾನು ಕಲಿಸುತ್ತಿದ್ದುದು ನಮ್ಮ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಶನಿವಾರ ಮಧ್ಯಾಹ್ನ. ಮೊದಲು ಆ ಕೋಣೆಯ ತುಂಬ ಸತ್ತ ಟಿವಿಗಳಿದ್ದವು. ರಿಪೇರಿ ಮಾಡಿಸುವುದಕ್ಕಿಂತ ಹೊಸ ಟಿವಿಯೇ ಅಗ್ಗ ಎಂಬ ಕಾಲ ಬಂದಾಗ ನಾನು ಯಂತ್ರಗಳಲ್ಲಿ ಕೂರುವ ಸಣ್ಣ ಸ್ಕ್ರೀನುಗಳಿಗೆ ಕೈ ಹಾಕಿದೆ. ಅಲ್ಲಿಂದ ಆ ಸ್ಕ್ರೀನುಗಳನ್ನು ಎಬ್ಬಿಸುವ ಕೋಡಿಗೆ ಇಳಿದೆ. ಕರ್ನಲ್ ಎಂದರೆ ಯಂತ್ರದಲ್ಲಿ ಎಲ್ಲಕ್ಕಿಂತ ಕೆಳಗೆ ಕೂತು ದುಡಿಯುವ ತಂತ್ರಾಂಶ. ನಮ್ಮದು ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಮುಕ್ತ ಕರ್ನಲ್. ಅದರೊಳಗೆ ಒಂದೊಂದು ಬಗೆಯ ಸ್ಕ್ರೀನಿಗೂ ಒಂದು ಡ್ರೈವರ್ ಇರುತ್ತದೆ. ಕರೆಂಟು ಕೊಡು, ತಾಳು, ಎಬ್ಬಿಸು, ತಾಳು, ಚಿತ್ರ ಹಾಕು. ಬಹುಪಾಲು ಇಷ್ಟೇ. ಆ 'ತಾಳು' ಅನ್ನುವ ಕಡೆಯಲ್ಲೇ ಜನ ಎಡವುವುದು.

ನನ್ನ ತರಗತಿಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು. ಬಂದ ದಿನವೇ ಕೈಗೊಂದು ಸ್ಕ್ರೀನು ಕೊಟ್ಟು, "ಇದು ಪೂರ್ತಿ ಕೆಂಪಾಗೋವರೆಗೂ ಬೇರೆ ಮಾತಿಲ್ಲ" ಅನ್ನುತ್ತಿದ್ದೆ. ಕೆಲವರಿಗೆ ಕೆಂಪು ಕಾಣಲು ತಿಂಗಳುಗಳೇ ಹಿಡಿಯುತ್ತಿದ್ದವು. ಉದ್ಘಾಟಕರ ಸಭಾಂಗಣದಲ್ಲಿ ಹಾಗಲ್ಲ. ಅಲ್ಲಿ ಬಂದ ದಿನವೇ ಟೀ ಶರ್ಟು, ಎದೆಯ ಮೇಲೆ 'ಬೀದಿಗೊಬ್ಬ ಕರ್ನಲ್ ವೀರ' ಎಂಬ ಅಕ್ಷರ. ಮರುದಿನ ಆ ಟೀ ಶರ್ಟಿನ ಫೋಟೊ. ಆಮೇಲೆ ಫೋಟೊ ಹಾಕಿಕೊಂಡ ಬಗ್ಗೆ ಅನುಭವ ಹಂಚಿಕೆ. ಸ್ಕ್ರೀನು ಅಂತ ಅಲ್ಲಿದ್ದದ್ದು ಗೋಡೆಯ ಮೇಲಿನ ಒಂದೇ ಒಂದು. ಅದರಲ್ಲಿ ಅವರ ಮುಖವೇ ದೊಡ್ಡದಾಗಿ ಕಾಣುತ್ತಿತ್ತು.

ಆ ವೀರರಲ್ಲಿ ನನ್ನ ಮೈದುನನೂ ಒಬ್ಬ. ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಿದ್ದವನು, ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದ. ನಲವತ್ತು ದಾಟಿದವನಿಗೆ ಹೊಸ ಕೆಲಸ ಕೊಡುವವರು ಯಾರು? ಮೊದಲು ನನ್ನ ಹತ್ತಿರವೇ ಕಲಿಯಲು ಬಂದ. ಕೆಂಪೂ ಬರಿಸಿದ, ನಿಧಾನ ಆದರೂ. ಆದರೆ ಕೆಂಪು ಸ್ಕ್ರೀನಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಮೂಗು ಮುರಿದಳು. ಅಷ್ಟರಲ್ಲಿ ಉದ್ಘಾಟಕರು ಘೋಷಿಸಿದರು: ಯಾರ ತಿದ್ದುಪಡಿ ಸೇರಿ ಹೆಸರು ಕರ್ನಲ್ಲಿನೊಳಗೆ ಬರುತ್ತದೋ ಅವರನ್ನು ತಮ್ಮ ಗೆಳೆಯರ ಕಂಪನಿಗೆ ತಾವೇ ಶಿಫಾರಸು ಮಾಡುತ್ತಾರೆ. ಮೈದುನ ಅತ್ತ ನಡೆದ. ನಾನು ತಡೆಯಲಿಲ್ಲ. ಮನೆ ನಡೆಸಬೇಕಾದವನು ಅವನು.

ಒಂದು ಸಂಜೆ ಸಿಹಿ ಡಬ್ಬಿ ಹಿಡಿದು ಅಂಗಡಿಗೆ ಬಂದ.

"ಅತ್ತಿಗೆ, ಬಾಯಿ ತೆಗೀರಿ!"

"ಕೆಲಸ ಸಿಕ್ತೇನಪ್ಪಾ?"

"ಸಿಕ್ಕ ಹಾಗೇನೇ. ನನ್ನ ಪ್ಯಾಚ್ ತಗೊಂಡ್ರು. ಆ ಮುಂಗೋಪಿನೇ ತಗೊಂಡ. ಒಂದು ಮಾತೂ ಬೈಲಿಲ್ಲ!"

ಪ್ಯಾಚ್ ಎಂದರೆ ಕಳಿಸಿದ ತಿದ್ದುಪಡಿ. ಮುಂಗೋಪಿ ಎಂದರೆ ಸಣ್ಣ ಸ್ಕ್ರೀನುಗಳ ಡ್ರೈವರುಗಳನ್ನೆಲ್ಲ ನೋಡಿಕೊಳ್ಳುವವನು. ಎಲ್ಲೋ ದೂರದಲ್ಲಿ ಕೂತು, ಎಲ್ಲರೂ ಓದುವ ಮೇಲಿಂಗ್ ಲಿಸ್ಟಿನಲ್ಲಿ, ಎರಡು ಪದದಲ್ಲಿ ಜನರ ವರ್ಷದ ದುಡಿಮೆಯನ್ನು ಕಸಕ್ಕೆ ಹಾಕಬಲ್ಲವನು. ಅವನು ಬೈಯಲಿಲ್ಲವೆಂದರೆ ನನಗೆ ಅನುಮಾನ. ಬಾಯಲ್ಲಿ ಸಿಹಿ ಇಟ್ಟುಕೊಂಡೇ ಪ್ಯಾಚ್ ತೆರೆದೆ. 'ಅನಗತ್ಯ ವಿಳಂಬಗಳನ್ನು ತೆಗೆದು ಕೋಡನ್ನು ಸ್ವಚ್ಛಗೊಳಿಸಲಾಗಿದೆ' ಎಂದಿತ್ತು. ಸ್ವಚ್ಛಗೊಳಿಸಿದ್ದು ಏನನ್ನು ಅಂದರೆ 'ತಾಳು' ಎಂಬ ಸಾಲನ್ನೇ. ಕೆಳಗೆ ಇಬ್ಬರು 'ನಿಜವಾದ ಸ್ಕ್ರೀನಿನ ಮೇಲೆ ಪರೀಕ್ಷಿಸಿದ್ದೇನೆ' ಎಂದು ಹೆಸರು ಹಾಕಿದ್ದರು. ಈ ಸಾಲಿಗೆ ನಮ್ಮಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಹಾಕಿದ ಮೇಲೆ ಮುಗಿಯಿತು, ಮುಂಗೋಪಿ ಕೂಡ ನಂಬುತ್ತಾನೆ.

"ಈ ಸ್ಕ್ರೀನು ನೋಡಿದ್ದೀಯಾ?"

"ಫೋಟೋದಲ್ಲಿ."

"ಪರೀಕ್ಷೆ ಮಾಡಿದವರು ಯಾರು?"

"ಆಚೆ ಈಚೆ ಕುರ್ಚಿಯವರು. ನಾನು ಅವರದ್ದಕ್ಕೆ ಹಾಕ್ದೆ, ಅವರು ನನ್ನದಕ್ಕೆ ಹಾಕಿದ್ರು. ಪರಸ್ಪರ ಸಹಕಾರ ಅಂತಾರೆ ಸರ್."

"ಅವರ ಹತ್ರ ಸ್ಕ್ರೀನ್ ಇತ್ತಾ?"

"ಕಂಪೈಲ್ ಆಯ್ತಲ್ಲ ಅತ್ತಿಗೆ, ಕಂಪ್ಯೂಟರ್ ಒಂದು ತಪ್ಪೂ ತೋರಿಸ್ಲಿಲ್ಲ!"

"ಅಡುಗೆ ಪುಸ್ತಕ ಓದಿಬಿಟ್ಟು ಊಟ ಆಯ್ತು ಅಂದ ಹಾಗಾಯ್ತು."

ಬೆಸುಗೆ ಹಾಕುತ್ತಿದ್ದ ನನ್ನ ಗಂಡ ತಲೆಯೆತ್ತದೆ ನಕ್ಕರು. ಮೈದುನನ ಮುಖ ಊದಿತು. ಆ ಸ್ಕ್ರೀನು ನನ್ನ ಡ್ರಾಯರಿನಲ್ಲೇ ಇತ್ತು. ಸಣ್ಣ ಕ್ಲಿನಿಕ್ಕುಗಳಲ್ಲಿ ರಕ್ತದೊತ್ತಡ ನೋಡುವ ಯಂತ್ರದ್ದು. ಗಾಜು ಒಡೆಯಿತೆಂದು ನರ್ಸುಗಳು ನಮ್ಮಲ್ಲಿಗೆ ತರುತ್ತಾರೆ. ಅದನ್ನು ಪರೀಕ್ಷೆಯ ಬೋರ್ಡಿಗೆ ಜೋಡಿಸಿ, ಅವನ ಪ್ಯಾಚ್ ಹಾಕಿ, ಶುರು ಮಾಡಿದೆ. ಅಂಕಿಗಳು ಚಕ್ಕಂತ ಮೂಡಿದವು.

"ನೋಡಿದ್ರಾ!" ಅಂದ. "ಸುಮ್ಮನೆ ಎಲ್ಲರನ್ನೂ ಹೀಯಾಳಿಸ್ತೀರಿ. ಸರ್ ಹೇಳ್ತಿದ್ರು, ಹಳಬರಿಗೆ ಹೊಸಬರು ಬರೋದು ಇಷ್ಟ ಇರಲ್ಲ ಅಂತ."

ನಾನು ಪ್ಯಾಚನ್ನು ಇನ್ನೊಮ್ಮೆ ಓದಿದೆ. ಆಮೇಲೆ ಸ್ಕ್ರೀನು ಮುಟ್ಟಿ ನೋಡಿದೆ. ಡ್ರಾಯರಿನ ಮೇಲೆಯೇ ಬೆಸುಗೆಯ ಮೇಜು, ಸ್ಕ್ರೀನು ಬೆಚ್ಚಗಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಳಗಿನ ಕೋಣೆಯ ಫ್ರಿಜ್ಜಿನಲ್ಲಿಟ್ಟೆ.

"ಇದೇನು ಅತ್ತಿಗೆ, ಬದನೆಕಾಯಿ ಪಕ್ಕ?"

"ಚಳಿ ದಿನ ಬೆಳಗ್ಗೆ ನರ್ಸಮ್ಮ ಕ್ಲಿನಿಕ್ ಬಾಗಿಲು ತೆಗೆದಾಗ ಅಲ್ಲಿ ನಮ್ಮ ಬೆಸುಗೆ ಕಾವು ಇರತ್ತಾ? ಕೂತ್ಕೋ. ಕಾಫಿ ಕುಡಿ."

ಕಾಫಿ ಮುಗಿಸಿ, ಅವನು ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿದ ಮೇಲೆ ಸ್ಕ್ರೀನು ತೆಗೆದು ಜೋಡಿಸಿದೆ. ಬಿಳಿ. ಸುಣ್ಣ ಬಳಿದ ಗೋಡೆಯ ಹಾಗೆ. ಹಳೆಯ ಕೋಡು ಹಾಕಿ ಮತ್ತೆ ಫ್ರಿಜ್ಜಿಗಿಟ್ಟೆ. ಈ ಸಲ ತಣ್ಣಗಿದ್ದರೂ ಅಂಕಿ ಬಂತು. ಸ್ಕ್ರೀನಿನೊಳಗಿನ ಚಿಪ್ ಚಳಿಯಲ್ಲಿ ಏಳುವುದು ತಡ. ಕಣ್ಣು ಮಿಟುಕಿಸುವಷ್ಟು ಹೊತ್ತು ತಾಳಿದರೆ ಏಳುತ್ತದೆ. ಏಳುವ ಮೊದಲೇ ಕೆಲಸ ಹೇಳಿದರೆ ಬೆಪ್ಪಾಗಿ ನಿಲ್ಲುತ್ತದೆ. ಯಾರೋ ಎಂದೋ ಇದರಿಂದ ಪೆಟ್ಟು ತಿಂದೇ ಆ ಸಾಲು ಬರೆದಿದ್ದರು.

ಮೈದುನ ತಾನೇ ಮತ್ತೊಮ್ಮೆ ಮಾಡಿ ನೋಡಿದ. ಇನ್ನೊಮ್ಮೆ ಮಾಡಿದ. ಬಿಳಿ, ಬಿಳಿ.

"ಅತ್ತಿಗೆ," ಅಂದ, ದನಿ ಇಳಿಸಿ, "ಯಾರಿಗೂ ಹೇಳ್ಬೇಡಿ. ಶಿಫಾರಸು ಆಗ್ಲಿ, ಕೆಲಸಕ್ಕೆ ಸೇರ್ಕೋತೀನಿ, ಆಮೇಲೆ ನಾನೇ ಸರಿ ಮಾಡಿ ಕಳಿಸ್ತೀನಿ."

"ಅಷ್ಟರಲ್ಲಿ ಇದು ಹೊಸ ಆವೃತ್ತಿಯೊಳಗೆ ಹೋಗಿ ಎಲ್ಲ ಯಂತ್ರಕ್ಕೂ ಇಳಿದಿರತ್ತೆ."

"ಹಾಗಾದ್ರೆ ನೀವು ಬರೀರಿ. ನನ್ನ ಹೆಸರು ಎತ್ತದೆ."

"ಪ್ಯಾಚಿನ ಮೇಲೆ ಇರೋದೇ ನಿನ್ನ ಹೆಸರು, ಎತ್ತದೆ ಹೇಗೆ ಬರೀಲಿ? ನೋಡು, ನೀನು ಬರೆದರೆ ತಪ್ಪು ಕಂಡುಹಿಡಿದವನು ನೀನು. ನಾನು ಬರೆದರೆ ಸಿಕ್ಕಿಬಿದ್ದವನು ನೀನು. ನಾಳೆ ಸಂಜೆವರೆಗೂ ಕಾಯ್ತೀನಿ."

"ಇದಕ್ಕೆ ಮನೇಲಿ ಏನು ಹೇಳ್ಲಿ?" ಅಂದ. ಸಿಹಿ ಡಬ್ಬಿ ಅಲ್ಲೇ ಬಿಟ್ಟು ಹೋದ.

ಮರುದಿನ ಅವನು ಒಬ್ಬನೇ ಬರಲಿಲ್ಲ. ಉದ್ಘಾಟಕರೂ ಬಂದರು. ಅಂಗಡಿಯೊಳಗೆ ಕಾಲಿಡುವಾಗಲೂ ಎಲ್ಲೋ ಕ್ಯಾಮೆರಾ ಇದೆಯೇನೋ ಎಂಬಂತೆ ನಗು.

"ಮೇಡಂ, ತಮ್ಮ ಸೇವೆ ನನಗೆ ಗೊತ್ತು. ಆದರೆ ಹೊಸಬರ ಉತ್ಸಾಹಕ್ಕೆ ನಾವೇ ತಣ್ಣೀರೆರಚಬಾರದು."

"ತಣ್ಣೀರಲ್ಲ ಸ್ವಾಮಿ, ಫ್ರಿಜ್ಜು."

"ಅದೇ ಅಂದೆ. ಯಾರಾದರೂ ಸ್ಕ್ರೀನನ್ನು ಫ್ರಿಜ್ಜಿನಲ್ಲಿ ಇಡ್ತಾರಾ? ಇದೊಂದು ಋಣಾತ್ಮಕ ದೃಷ್ಟಿ. ನಾಳೆ ಎಲ್ಲಾದರೂ ತೊಂದರೆ ಬಂತು ಅಂತಿಟ್ಕೊಳ್ಳಿ, ಜನ ದೂರು ಕೊಡ್ತಾರೆ. ಆ ದೂರನ್ನು ಬಗೆಹರಿಸೋದು ನಮ್ಮ ಮುಂದಿನ ಹೊಸಬರಿಗೆ ಒಂದು ಅವಕಾಶ!"

ಮನೆಗೆ ಬೆಂಕಿ ಹಚ್ಚಿ ನೀರು ಹೊರುವ ತರಬೇತಿ ಕೊಡುವ ಮಹಾನುಭಾವನನ್ನು ನಾನು ಹತ್ತಿರದಿಂದ ಕಂಡದ್ದು ಆವತ್ತೇ.

"ಒಂದು ಪ್ಯಾಚ್ ವಾಪಸ್ ಹೋದರೆ ಉಳಿದವರದ್ದನ್ನೂ ಕೆದಕ್ತಾರೆ ಮೇಡಂ. ತರಬೇತಿಗೆ ದುಡ್ಡು ಹಾಕಿದ ಪ್ರಾಯೋಜಕರು ನೋಡ್ತಿದ್ದಾರೆ." ಆಮೇಲೆ ಮೈದುನನ ಹೆಗಲ ಮೇಲೆ ಕೈ ಹಾಕಿ, "ಇವರದ್ದು ನಾನು ಆಗಲೇ ಮಾತಾಡಿಟ್ಟಿದ್ದೀನಿ. ಸೋಮವಾರ ಹೋಗಿ ಕಂಡರೆ ಆಯ್ತು" ಅಂದರು.

ಮೈದುನ ನೆಲ ನೋಡುತ್ತಿದ್ದ. ನಾನು ಫ್ರಿಜ್ಜಿನಿಂದ ಸ್ಕ್ರೀನು ತಂದು ಉದ್ಘಾಟಕರ ಕೈಯಲ್ಲಿಟ್ಟೆ. "ನೀವೇ ನೋಡಿಬಿಡಿ. ಬೋರ್ಡು ಇಲ್ಲಿದೆ. ಜೋಡಿಸಿ."

ಅವರು ಸ್ಕ್ರೀನನ್ನು ತಿರುಗಿಸಿದರು. ಮಗುಚಿದರು. ಅಂಚಿನಲ್ಲಿ ಬೆರಳಾಡಿಸಿದರು. ಹಿಂದಿನಿಂದ ಇಳಿಬಿದ್ದಿದ್ದ ತೆಳ್ಳನೆಯ ಪಟ್ಟಿ ಕೇಬಲ್ಲನ್ನು ದಾರದ ಎಳೆಯೇನೋ ಎಂಬಂತೆ ಪಕ್ಕಕ್ಕೆ ಸರಿಸಿದರು. ಕೊನೆಗೆ ಕೇಳಿದರು: "ಇದರ ಆನ್ ಮಾಡೋ ಬಟನ್ ಎಲ್ಲಿ?"

ಬರಿ ಗಾಜು, ಚಿಪ್, ಪಟ್ಟಿ. ಅದಕ್ಕೆಲ್ಲಿಯ ಬಟನ್ನು? ಅದನ್ನು ಆನ್ ಮಾಡುವುದೇ ಡ್ರೈವರಿನ ಕೆಲಸ. ಇಷ್ಟು ದಿನ ಇಷ್ಟೊಂದು ಜನಕ್ಕೆ ಇವರು ಕಲಿಸುತ್ತಿದ್ದದ್ದೂ ಅದನ್ನೇ. ನನ್ನ ಗಂಡ ಕೆಮ್ಮುವ ನೆಪ ಮಾಡಿ ಒಳಗೆ ಹೋದರು. ಮೈದುನ ತಲೆಯೆತ್ತಿ ಆ ಬೆರಳುಗಳನ್ನು ನೋಡುತ್ತಿದ್ದ. ಕೆಂಪು ಬರಿಸಲು ಅದೇ ಪಟ್ಟಿಯನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದನೋ ಅವನು.

"ಕೊಡಿ ಸರ್," ಅಂದ, ಮೆಲ್ಲಗೆ. "ಪಟ್ಟಿ ಮುರಿದುಹೋಗತ್ತೆ." ಸ್ಕ್ರೀನು ವಾಪಸ್ ತೆಗೆದುಕೊಂಡು, "ಸೋಮವಾರ ನಾನು ಹೋಗಲ್ಲ ಬಿಡಿ" ಅಂದ.

ಉದ್ಘಾಟಕರ ನಗು ಮೊದಲ ಬಾರಿಗೆ ಬಾಡಿತು. "ಯೋಚನೆ ಮಾಡಿ. ಹೊರಗೆ ಬಹಳ ಜನ ಕಾಯ್ತಿದ್ದಾರೆ" ಎಂದು ಹೋದರು.

ಮೈದುನ ಕೌಂಟರಿನಲ್ಲೇ ಕೂತು ಬರೆದ. ಮೊದಲು ಬರೆದದ್ದು ಉದ್ದದ ಪುರಾಣ: ಮಾರ್ಗದರ್ಶಕರು ಹೇಳಿದ್ದರು, ಸಹಪಾಠಿಗಳು ಭರವಸೆ ಕೊಟ್ಟಿದ್ದರು, ಇತ್ಯಾದಿ. ಓದಿ ಹೇಳಿದ. ನಾನು ಸ್ಕ್ರೀನಿನ ಧೂಳು ಒರೆಸುತ್ತಲೇ ಇದ್ದೆ. ತಾನೇ ಒಂದೊಂದಾಗಿ ಅಳಿಸಿದ. ಉಳಿದದ್ದು ಇಷ್ಟು: 'ನನ್ನ ಈ ಪ್ಯಾಚನ್ನು ಕೈಬಿಡಿ. ಸ್ಕ್ರೀನು ತಣ್ಣಗಿದ್ದರೆ ಬೆಳ್ಳಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ನೋಡಿದೆ. ಕಳಿಸುವ ಮೊದಲು ಯಾರೂ ಪರೀಕ್ಷಿಸಿರಲಿಲ್ಲ. ಬೇರೆಯವರ ಪ್ಯಾಚುಗಳಿಗೆ ನಾನು ಹಾಕಿದ ಪರೀಕ್ಷೆಯ ಸಾಲುಗಳೂ ಸುಳ್ಳು, ಅವನ್ನೂ ತೆಗೆಯಿರಿ.'

ಕೊನೆಯ ವಾಕ್ಯ ನನಗೆ ಹೊಳೆದೇ ಇರಲಿಲ್ಲ. ಅವನು ಅದನ್ನು ಹಾಗೆಯೇ ಕಳಿಸಿದ.

ಮುಂಗೋಪಿಯ ಉತ್ತರ ಬರುವವರೆಗೂ ಅವನು ಮನೆಗೆ ಹೋಗಲಿಲ್ಲ. ಬಂದದ್ದು ಎರಡೇ ಸಾಲು. 'ತೆಗೆದೆ. ಆ ಸ್ಕ್ರೀನು ಈಗಲೂ ನಿನ್ನ ಕೈಯಲ್ಲಿದೆಯೇ?'

'ಇದೆ' ಎಂದು ಮೈದುನ ಬರೆದ.

'ಒಳ್ಳೆಯದು. ಈ ಡ್ರೈವರಿಗೆ ಬಂದಿರುವ ಉಳಿದ ಪ್ಯಾಚುಗಳನ್ನೂ ಫ್ರಿಜ್ಜಿನಲ್ಲಿಟ್ಟು ನೋಡು. ನೀನು ಹೇಳುವವರೆಗೆ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ.'

ಕೆಲಸವೇನೂ ಸಿಗಲಿಲ್ಲ. ಮೈದುನ ಈಗ ನಮ್ಮ ಅಂಗಡಿಯಲ್ಲೇ ಅರ್ಧ ದಿನ ಗಾಜು ಬದಲಿಸುತ್ತಾನೆ, ಉಳಿದರ್ಧ ಕೆಲಸ ಹುಡುಕುತ್ತಾನೆ. ರಾತ್ರಿ ಸ್ಕ್ರೀನು ಮನೆಗೆ ಒಯ್ದು ಅಲ್ಲಿನ ಫ್ರಿಜ್ಜಿನಲ್ಲೂ ಪ್ಯಾಚು ಪರೀಕ್ಷಿಸುತ್ತಾನೆ. ಓರಗಿತ್ತಿ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು, ಮಾತಾಡಿದಾಗ ಹೇಳಿದ್ದು, "ಆ ಕೆಲಸಾನೂ ಹೋಯ್ತು, ನನ್ನ ಫ್ರಿಜ್ಜಲ್ಲಿ ಸೊಪ್ಪಿಡೋ ಜಾಗಾನೂ ಹೋಯ್ತು ಅಕ್ಕಾ." ಉದ್ಘಾಟಕರಿಗೆ ಮಾತ್ರ ಕೂದಲೂ ಕೊಂಕಲಿಲ್ಲ. 'ವೈಫಲ್ಯವನ್ನು ಸಂಭ್ರಮಿಸೋಣ' ಎಂದು ವಿಚಾರ ಸಂಕಿರಣ ನಡೆಸಿ, ಫ್ರಿಜ್ಜಿನ ಕಥೆಯನ್ನು ತಾವೇ ಕಂಡುಹಿಡಿದಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ.

ಮೊನ್ನೆ ಅವರದೇ ಫೋನು ಮೈದುನನಿಗೆ. ಅವರ ವೀರರ ಪ್ಯಾಚುಗಳು ಸಾಲುಗಟ್ಟಿ ನಿಂತಿವೆ. ದಯವಿಟ್ಟು ಆ ಪರೀಕ್ಷೆಯ ಸಾಲೊಂದನ್ನು ಹಾಕಿಬಿಡಬೇಕಂತೆ, ಪ್ರಾಯೋಜಕರ ಸಭೆ ಹತ್ತಿರ ಬಂತಂತೆ.

ಮೈದುನ ಗಾಜಿನ ಅಂಚು ಒರೆಸುತ್ತ, ಫೋನನ್ನು ಕಿವಿ ಹೆಗಲ ನಡುವೆ ಸಿಕ್ಕಿಸಿಕೊಂಡೇ ಹೇಳಿದ:

"ಈಗತಾನೆ ಒಳಗಿಟ್ಟಿದ್ದೀನಿ ಸರ್. ಇನ್ನೂ ತಣ್ಣಗಾಗಿಲ್ಲ. ಸ್ವಲ್ಪ ತಾಳಿ."